ಟೆರೇಸ್ ಮೇಲೆ ಆಂಟೆನಾ ಹಾಕಿ ಏರ್‌ಬ್ಯಾಂಡ್ ಸೆಟ್ ಟೆಸ್ಟ್ ಮಾಡಬಹುದಾ?

ಪ್ರಶ್ನೆ: ಸರ್, ನಾವು ಮೂವರು ಗೆಳೆಯರು ಪೀಣ್ಯದಲ್ಲಿ ಒಂದು ಚಿಕ್ಕ ಎಲೆಕ್ಟ್ರಾನಿಕ್ಸ್ ಕಂಪನಿ ನಡೆಸುತ್ತಿದ್ದೇವೆ. ಸಣ್ಣ ಏರ್‌ಸ್ಟ್ರಿಪ್‌ಗಳಿಗೆ, ಫ್ಲೈಯಿಂಗ್ ಕ್ಲಬ್‌ಗಳಿಗೆ ಆಗುವಂಥ 10 ವಾಟ್‌ನ ವಿಎಚ್‌ಎಫ್ ಗ್ರೌಂಡ್ ಸೆಟ್ ಮಾಡಿದ್ದೇವೆ, ನೆಲದಿಂದ ವಿಮಾನಗಳ ಜೊತೆ ಏರ್‌ಬ್ಯಾಂಡ್‌ನಲ್ಲಿ ಮಾತಾಡುವ ರೇಡಿಯೊ. ಒಳಗಿನ ಆರ್‌ಎಫ್ ಮಾಡ್ಯೂಲ್ ಹೊರದೇಶದ್ದು, ಅದಕ್ಕೆ ಸಿಇ ಗುರುತು ಇದೆ. ಟೆರೇಸ್ ಮೇಲೆ ಆಂಟೆನಾ ಕಟ್ಟಿ, ಖಾಲಿ ಇರುವ ಒಂದು ಚಾನೆಲ್‌ನಲ್ಲಿ ಎರಡು ನಿಮಿಷ ಮಾತಾಡಿ ನೋಡಿದರೆ ತೊಂದರೆ ಇದೆಯಾ? ಇನ್ನೊಂದು ವಿಷಯ. ನಮ್ಮ ರಿಸೀವರ್‌ನಲ್ಲಿ ಎಫ್‌ಎಂ ಹಾಡು ಸಣ್ಣಗೆ ಕೇಳಿಸುತ್ತಿದೆ. ಅದು ಎಫ್‌ಎಂನವರ ತಪ್ಪಾ, ನಮ್ಮದಾ? ಗಿರಾಕಿಯೊಬ್ಬರು ಮುಂದಿನ ತಿಂಗಳು ಅವರ ಜಾಗದಲ್ಲೇ ಡೆಮೊ ಕೇಳುತ್ತಿದ್ದಾರೆ.

ಉತ್ತರ: ಟೆರೇಸ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಎರಡು ನಿಮಿಷ ಅಲ್ಲ, ಎರಡು ಸೆಕೆಂಡೂ ಬೇಡ. ಲೈಸೆನ್ಸ್ ಇಲ್ಲ ಅನ್ನೋದು ಒಂದು ಕಾರಣ, ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ದೊಡ್ಡ ಕಾರಣ, ನೀವು ಬರೆದಿರುವ ಆ 'ಖಾಲಿ ಇರುವ ಚಾನೆಲ್'.

ಖಾಲಿ ಅಂತ ನಿಮಗೆ ಹೇಗೆ ಗೊತ್ತಾಯಿತು? ಸ್ವಲ್ಪ ಹೊತ್ತು ಕೇಳಿದಿರಿ, ಯಾರೂ ಮಾತಾಡಲಿಲ್ಲ, ಅಷ್ಟೇ ತಾನೇ? ವಿಎಚ್‌ಎಫ್ ಹೆಚ್ಚುಕಮ್ಮಿ ನೇರ ನೋಟದಲ್ಲೇ ಹೋಗುತ್ತದೆ. ದೂರದ ಊರಿನ ಟವರ್ ಮಾತಾಡುವುದು ಪೀಣ್ಯದ ಟೆರೇಸ್‌ಗೆ ಕೇಳುವುದಿಲ್ಲ, ಮಧ್ಯೆ ಭೂಮಿಯೇ ಅಡ್ಡ ಇದೆ. ಆದರೆ 35,000 ಅಡಿ ಮೇಲೆ ಹೋಗುತ್ತಿರುವ ವಿಮಾನಕ್ಕೆ ಆ ಟವರೂ ಕಾಣುತ್ತದೆ, ನಿಮ್ಮ ಟೆರೇಸೂ ಕಾಣುತ್ತದೆ. ಆ ಎತ್ತರದಿಂದ ರೇಡಿಯೊ ದಿಗಂತ ಸುಮಾರು 420 ಕಿಲೋಮೀಟರ್. ಚೆನ್ನೈ ಮೇಲೆ ಹೋಗುವ ವಿಮಾನ ಪೀಣ್ಯದ ಆಂಟೆನಾಕ್ಕೆ ನೇರ ನೋಟದಲ್ಲಿರುತ್ತದೆ, ಕೊಚ್ಚಿ ಮೇಲಿನದೂ ಅಷ್ಟೇ.

ಇನ್ನು ಪವರ್ ಲೆಕ್ಕ. 120 ಮೆಗಾಹರ್ಟ್ಸ್‌ನಲ್ಲಿ 400 ಕಿಲೋಮೀಟರ್ ದಾರಿಯಲ್ಲಿ ಕಳೆದುಹೋಗುವುದು ಸುಮಾರು 126 ಡೆಸಿಬಲ್. ನಿಮ್ಮ 10 ವಾಟ್ ಅಂದರೆ 40 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬಲ್ ಅಳತೆ). ಎರಡೂ ಕಡೆ ಸಾಧಾರಣ ಆಂಟೆನಾ ಇದ್ದರೂ ವಿಮಾನದ ರಿಸೀವರ್‌ಗೆ ಮೈನಸ್ 86 ಡಿಬಿಎಂ ಸಿಗುತ್ತದೆ. ಅದು ಸಣ್ಣ ಸಿಗ್ನಲ್ ಅಲ್ಲ, ಆರಾಮಾಗಿ ಕೇಳಿಸುವಂಥದ್ದು. ಸರಿ, ಆಂಟೆನಾ ಬೇಡ, ಪವರ್ ಕಮ್ಮಿ ಮಾಡ್ತೀವಿ ಅಂತೀರಾ? ಡಮ್ಮಿ ಲೋಡ್‌ನ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಸಡಿಲ ಕನೆಕ್ಟರ್‌ನಿಂದಲೋ, ಶೀಲ್ಡ್ ಕಿತ್ತುಹೋದ ಕೋಆಕ್ಸ್‌ನಿಂದಲೋ ಬರೀ 10 ಮಿಲಿವಾಟ್ ಹೊರಗೆ ಹೋಯಿತು ಅಂದುಕೊಳ್ಳಿ. 30 ಕಿಲೋಮೀಟರ್ ದೂರದಲ್ಲಿ ಇಳಿಯುತ್ತಿರುವ ವಿಮಾನಕ್ಕೆ ಅದು ಮೈನಸ್ 93 ಡಿಬಿಎಂ ಆಸುಪಾಸು. ಅದೂ ಕೇಳಿಸುತ್ತದೆ. ಬೆಂಗಳೂರಿನ ಸುತ್ತ ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಅಂತ ನಾಲ್ಕು ರನ್‌ವೇ ಜಾಗಗಳಿವೆ. ನಾಲ್ಕಕ್ಕೂ ನೀವು ಹತ್ತಿರದ ನೆಂಟರೇ.

ಜೊತೆಗೆ ಏರ್‌ಬ್ಯಾಂಡ್ ಇವತ್ತಿಗೂ ಎಎಂ. ಹೊಸಬರಿಗೆ ಇದು ಹಳೇ ಕಾಲದ ಚಾಳಿ ಅನ್ನಿಸುತ್ತದೆ. ಎಫ್‌ಎಂ ರಿಸೀವರ್ ಎರಡು ಸಿಗ್ನಲ್ ಬಂದರೆ ಜೋರಾಗಿರುವುದನ್ನು ಮಾತ್ರ ಹಿಡಿದುಕೊಂಡು ಇನ್ನೊಂದನ್ನು ನುಂಗಿಹಾಕುತ್ತದೆ. ಎಎಂನಲ್ಲಿ ಹಾಗಲ್ಲ, ಎರಡು ಕ್ಯಾರಿಯರ್ (ಮಾತು ಹೊತ್ತೊಯ್ಯುವ ಅಲೆ) ಡಿಕ್ಕಿ ಹೊಡೆದು ಕೀಂಯ್ ಅನ್ನುತ್ತದೆ. ಕಂಟ್ರೋಲರ್‌ಗೆ ಆಗ 'ಯಾರೋ ಇಬ್ಬರು ಒಟ್ಟಿಗೆ ಮಾತಾಡಿದರು' ಅಂತ ಗೊತ್ತಾಗುತ್ತದೆ, ಇನ್ನೊಮ್ಮೆ ಹೇಳಿ ಅನ್ನುತ್ತಾರೆ. ಒಬ್ಬರ ಮಾತು ಸದ್ದಿಲ್ಲದೆ ಕಾಣೆಯಾಗುವುದಿಲ್ಲ, ಅದು ಒಳ್ಳೆಯದೇ. ಆದರೆ ಇದೇ ಗುಣದಿಂದ ನಿಮ್ಮ ಸಣ್ಣ ಸೋರಿಕೆಯೂ ದೊಡ್ಡ ಟವರ್‌ನ ಮಾತಿನ ಕೆಳಗೆ ಶಿಳ್ಳೆ ಹಾಕುತ್ತಾ ಕೂರುತ್ತದೆ.

121.5 ಮೆಗಾಹರ್ಟ್ಸ್ ಅನ್ನೋ ತುರ್ತು ಚಾನೆಲ್ ಬಗ್ಗೆ ಒಂದು ಮಾತು, ಯಾಕಂದ್ರೆ 'ಅದನ್ನು ಈಗ ಯಾರೂ ಬಳಸಲ್ವಂತೆ' ಅಂತ ಸುಮಾರು ಜನ ನಂಬಿದ್ದಾರೆ. ಅಪಾಯದ ಕರೆ ಹಿಡಿಯುವ ಕೋಸ್ಪಾಸ್-ಸಾರ್ಸ್ಯಾಟ್ ಉಪಗ್ರಹಗಳು 121.5 ಮೆಗಾಹರ್ಟ್ಸ್ ಕೇಳುವುದನ್ನು 2009ರ ಫೆಬ್ರುವರಿ 1ರಿಂದ ನಿಲ್ಲಿಸಿದವು, ಅದು ನಿಜ. ಈಗ ಅವು ಕೇಳುವುದು 406 ಮೆಗಾಹರ್ಟ್ಸ್. ಆದರೆ ವಿಮಾನಗಳು, ಟವರ್‌ಗಳು 121.5ಕ್ಕೆ ಇವತ್ತಿಗೂ ಕಿವಿ ಕೊಟ್ಟಿರುತ್ತವೆ. ಅದು ತುರ್ತು ಚಾನೆಲ್, ಟೆಸ್ಟ್ ಚಾನೆಲ್ ಅಲ್ಲ. ಅಂದಹಾಗೆ ಆ 406ರ ಕರೆಗಳನ್ನು ನಮ್ಮ ದೇಶಕ್ಕೆ ನೋಡಿಕೊಳ್ಳುವ ಕೇಂದ್ರ ಇರುವುದು ಇಸ್ರೊದ ಇಸ್ಟ್ರಾಕ್‌ನಲ್ಲಿ, ನಿಮ್ಮ ಪೀಣ್ಯದಲ್ಲೇ.

ಈಗ ಲೈಸೆನ್ಸ್. ಸಿಇ ಗುರುತು ಇದೆ ಅಂತ ಬರೆದಿದ್ದೀರಿ. ಅದು ಯುರೋಪಿನ ಮಾರುಕಟ್ಟೆಗೆ, ಅದೂ ಆ ಮಾಡ್ಯೂಲ್‌ಗೆ. ಅದರ ಹಿಂದೆ ನಿಮ್ಮ ಪವರ್ ಆಂಪ್ಲಿಫೈಯರ್, ನಿಮ್ಮ ಫಿಲ್ಟರ್, ನಿಮ್ಮ ಡಬ್ಬ ಸೇರಿದ ಮೇಲೆ ಅದು ಬೇರೆಯೇ ವಸ್ತು. ಭಾರತದಲ್ಲಿ ಸಿಇಗೆ ಕಾನೂನಿನ ಬೆಲೆ ಇಲ್ಲ. ಇಟಿಎ (ಸಲಕರಣೆಯ ಮಾದರಿಗೆ ಸಿಗುವ ಒಪ್ಪಿಗೆ) ಮಾಡಿಸಿದರೆ ಸಾಕು ಅಂತ ಕೆಲವು ಏಜೆಂಟರು ಹೇಳುತ್ತಾರೆ, ಅದನ್ನೂ ನಂಬಬೇಡಿ. ಆ ದಾರಿ ವೈಫೈ, ಬ್ಲೂಟೂತ್, 446 ಮೆಗಾಹರ್ಟ್ಸ್‌ನ ಸಣ್ಣ ವಾಕಿಟಾಕಿ ಥರದ ಲೈಸೆನ್ಸ್ ಬೇಡದ ಬ್ಯಾಂಡುಗಳ ಸಾಮಾನಿಗೆ. 117.975ರಿಂದ 137 ಮೆಗಾಹರ್ಟ್ಸ್ ಆ ಪಟ್ಟಿಯಲ್ಲಿ ಇಲ್ಲ. ಆನ್‌ಲೈನ್‌ನಲ್ಲಿ ಏರ್‌ಬ್ಯಾಂಡ್ ಹ್ಯಾಂಡ್‌ಸೆಟ್ ಸಿಗುತ್ತಲ್ಲಾ ಅಂತ ಕೇಳಬಹುದು. ಸಿಗುತ್ತಿತ್ತು, ಅದಕ್ಕೇ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ವಾಕಿಟಾಕಿ ಮತ್ತು ಇತರ ರೇಡಿಯೊಗಳ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ತಂದಿತು. ಅಂಗಡಿಯಲ್ಲಿ ಸಿಕ್ಕಿತು ಅನ್ನೋದು ಬಳಸಲು ಅನುಮತಿ ಅಲ್ಲ.

ನಮ್ಮಲ್ಲಿ ಇದಕ್ಕೆಲ್ಲ ಒಡೆಯರು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಕಾಲದಿಂದಲೂ ಲೈಸೆನ್ಸ್ ಇಲ್ಲದೆ ರೇಡಿಯೊ ಸೆಟ್ ಇಟ್ಟುಕೊಳ್ಳುವುದೇ ತಪ್ಪು, ಮಾತಾಡಬೇಕು ಅಂತೇನಿಲ್ಲ. 2023ರ ದೂರಸಂಪರ್ಕ ಕಾಯ್ದೆಯೂ ಅದೇ ಜಾಡಿನಲ್ಲಿದೆ, ಅದರ ಭಾಗಗಳು 2024ರಿಂದ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಹೊರದೇಶದಿಂದ ಟ್ರಾನ್ಸ್‌ಮಿಟರ್ ಮಾಡ್ಯೂಲ್ ತರಿಸುವುದಕ್ಕೂ ಡಬ್ಲ್ಯೂಪಿಸಿ ಆಮದು ಲೈಸೆನ್ಸ್ ಬೇಕು. ಮೊದಲ ನಾಲ್ಕು ಮಾಡ್ಯೂಲ್ ಕೊರಿಯರ್‌ನಲ್ಲಿ ಸುಮ್ನೆ ಬಂದುಬಿಟ್ಟವು ಅಂತ ನಲವತ್ತಕ್ಕೆ ಆರ್ಡರ್ ಹಾಕಬೇಡಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೆ ನಿಮ್ಮ ದುಡ್ಡು ಅಲ್ಲೇ ಕೂರುತ್ತದೆ.

ನಿಮ್ಮಂಥವರು ಎಡವುವುದು ಇಲ್ಲೇ. 'ನಮ್ಮ ಸೆಟ್‌ಗೆ ಲೈಸೆನ್ಸ್ ಸಿಗುತ್ತಾ' ಅಂತ ಕೇಳುತ್ತೀರಿ. ಏರ್‌ಬ್ಯಾಂಡ್‌ನಲ್ಲಿ ಡಬ್ಬಕ್ಕೆ ಮಾತ್ರ ಲೈಸೆನ್ಸ್ ಕೊಡುವುದಿಲ್ಲ. ಯಾವ ಜಾಗ, ಯಾವ ಫ್ರೀಕ್ವೆನ್ಸಿ, ಎಷ್ಟು ಪವರ್, ಎಷ್ಟು ಎತ್ತರದ ಆಂಟೆನಾ, ಯಾರ ಹೆಸರಿನಲ್ಲಿ, ಇದೆಲ್ಲ ಸೇರಿ ಒಂದು ಸ್ಟೇಷನ್. ಆ ಸ್ಟೇಷನ್‌ಗೆ ಲೈಸೆನ್ಸ್. ಅದನ್ನು ತೆಗೆದುಕೊಳ್ಳಬೇಕಾದವರು ನಿಮ್ಮ ಗಿರಾಕಿ, ನೀವಲ್ಲ. ಜಾಗಕ್ಕೆ ಸಾಕ್ಫಾ, ಅಂದರೆ ಫ್ರೀಕ್ವೆನ್ಸಿ ಹಂಚಿಕೆಯ ಸಲಹಾ ಸಮಿತಿಯ ಒಪ್ಪಿಗೆ ಬೇಕು, ಅರ್ಜಿಯೆಲ್ಲ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಏರ್‌ಸ್ಟ್ರಿಪ್ ಪಕ್ಕ ಆಂಟೆನಾ ಕಂಬ ನಿಲ್ಲಿಸುತ್ತೀರಿ ಅಂದರೆ ಎತ್ತರದ ಎನ್‌ಒಸಿ ಪ್ರಶ್ನೆಯೂ ಬರುತ್ತದೆ. ವಿಮಾನಕ್ಕೆ ದಾರಿ ಹೇಳುವ ಕಂಬವೇ ವಿಮಾನಕ್ಕೆ ಅಡ್ಡ ಆಗಬಾರದು ಅಲ್ವಾ. ಮೈಕ್ ಹಿಡಿಯುವವರಿಗೆ ಆರ್‌ಟಿಆರ್ ಏರೋನಾಟಿಕಲ್ ಸರ್ಟಿಫಿಕೇಟ್ ಬೇಕು. ಮೊದಲು ಇದನ್ನೂ ಡಬ್ಲ್ಯೂಪಿಸಿಯವರೇ ಕೊಡುತ್ತಿದ್ದರು. 2025ರ ಜನವರಿ 1ಕ್ಕೆ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಲ್ಲಿ ಅದು ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಕಡೆಗೆ ಹೋಗಿದೆ. ಹಳೇ ಮಾಹಿತಿ ಓದಿಕೊಂಡು ತಪ್ಪು ಕಚೇರಿಗೆ ಅಲೆಯಬೇಡಿ.

ಹಾಗಾದರೆ ಈಗ ಏನು ಮಾಡಬಹುದು? ತುಂಬ ಮಾಡಬಹುದು. ಡಬ್ಲ್ಯೂಪಿಸಿಯಲ್ಲಿ ಪ್ರಯೋಗಕ್ಕೆ ಅಂತಲೇ ಲೈಸೆನ್ಸ್ ಇದೆ. ಗಾಳಿಗೆ ಬಿಡದೆ ಲ್ಯಾಬ್ ಒಳಗೇ ಮಾಡುವ ಪ್ರಯೋಗಕ್ಕೆ ಒಂದು, ಗಾಳಿಗೆ ಬಿಡುವುದಕ್ಕೆ ಇನ್ನೊಂದು. ಮೊದಲನೆಯದು ಸುಲಭ, ಅಲ್ಲಿಂದ ಶುರು ಮಾಡಿ. ನಿಮ್ಮ ಟೇಬಲ್ ಮೇಲೆ ಒಂದು ಒಳ್ಳೆಯ 50 ಓಮ್ ಡಮ್ಮಿ ಲೋಡ್, ಸಿಗ್ನಲ್ ಕುಗ್ಗಿಸುವ ಒಂದು ಪವರ್ ಅಟೆನ್ಯುಯೇಟರ್, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಒಂದು ಸ್ಪೆಕ್ಟ್ರಂ ಅನಲೈಸರ್, ಚೆನ್ನಾಗಿ ಮುಚ್ಚಿದ ಶೀಲ್ಡ್ ಡಬ್ಬ ಇದ್ದರೆ ಟ್ರಾನ್ಸ್‌ಮಿಟರ್‌ನ ಮುಕ್ಕಾಲು ಕೆಲಸ ಆಂಟೆನಾ ಇಲ್ಲದೆಯೇ ಮುಗಿಯುತ್ತದೆ. ಆಂಟೆನಾ ಹಾಕಿ ಮಾತಾಡಿ 'ಕೇಳಿಸ್ತಾ?' ಅಂತ ಕೇಳುವುದು ಟೆಸ್ಟೇ ಅಲ್ಲ. ಅದು ನಿಮ್ಮ ಚಾನೆಲ್‌ನಲ್ಲಿ ಏನು ಹೋಯಿತು ಅಂತ ಮಾತ್ರ ಹೇಳುತ್ತದೆ. ನಿಯಮಗಳಿಗೆ ಬೇಕಿರುವುದು ನಿಮ್ಮ ಚಾನೆಲ್ ಬಿಟ್ಟು ಬೇರೆಲ್ಲಿ ಏನೇನು ಹೋಯಿತು ಅನ್ನೋದು.

ಅದನ್ನು ಹೀಗೆ ನೋಡಿ. ಕ್ಯಾರಿಯರ್ ಹಾಕಿ, ಮಾಡ್ಯುಲೇಶನ್ ಕೊಡಿ, ಅನಲೈಸರ್ ತೋರಿಸುವ ಫ್ರೀಕ್ವೆನ್ಸಿ ವ್ಯಾಪ್ತಿ ಅಗಲ ಮಾಡಿ. ಪರದೆಯ ಮಧ್ಯದ ಕಂಬದ ಎರಡೂ ಬದಿ ಹುಲ್ಲಿನ ಥರ ಎದ್ದಿರುವುದೆಲ್ಲ ನಿಮ್ಮ ತಲೆನೋವು. ಅಂತರರಾಷ್ಟ್ರೀಯ ದೂರಸಂಪರ್ಕ ಸಂಘದ (ಐಟಿಯು) ನಿಯಮದ ಸಾಮಾನ್ಯ ಮಿತಿ 43 ಡೆಸಿಬಲ್‌ಗೆ ಪವರ್‌ನ ಲಾಗ್‌ನ ಹತ್ತು ಪಟ್ಟು ಸೇರಿಸಿದಷ್ಟು, ಬೇಡದ ಸಿಗ್ನಲ್ ಕ್ಯಾರಿಯರ್‌ಗಿಂತ ಅಷ್ಟು ಕೆಳಗಿರಬೇಕು. 10 ವಾಟ್‌ಗೆ 53 ಡೆಸಿಬಲ್ ಆಗುತ್ತದೆ. ಲೆಕ್ಕ ಹಾಕಿದರೆ ಬೇಡದ ಸಿಗ್ನಲ್ ಮೈನಸ್ 13 ಡಿಬಿಎಂ ದಾಟಬಾರದು, ಅಂದರೆ 50 ಮೈಕ್ರೋವಾಟ್. ನನ್ನನ್ನು ಕೇಳಿದರೆ ಇಷ್ಟಕ್ಕೇ ನಿಲ್ಲಿಸಬೇಡಿ, ಇನ್ನೂ 20 ಡೆಸಿಬಲ್ ಕೆಳಗೆ ತನ್ನಿ. ಮೇಲೆ ಹಾಕಿದ 10 ಮಿಲಿವಾಟ್ ಲೆಕ್ಕ ನೋಡಿದಿರಲ್ಲ. ಇನ್ನು ಯುರೋಪಿನ ಇಎನ್ 300 676 ಗ್ರೌಂಡ್ ವಿಎಚ್‌ಎಫ್ ಎಎಂ ಸೆಟ್‌ಗೆ ಅಂತಲೇ ಬರೆದ ಮಾನದಂಡ. ಇಲ್ಲಿ ಕಡ್ಡಾಯ ಇರಲಿ ಬಿಡಲಿ, ಅದನ್ನು ಮುಂದಿಟ್ಟುಕೊಂಡು ಡಿಸೈನ್ ಮಾಡಿ. ಗಿರಾಕಿ ಕಡೆಯ ತಾಂತ್ರಿಕ ತಜ್ಞರು ಕೇಳುವ ಪ್ರಶ್ನೆಗಳೆಲ್ಲ ಅದರಲ್ಲೇ ಇವೆ. ಫ್ರೀಕ್ವೆನ್ಸಿ ಎಷ್ಟು ಆಚೀಚೆ ಹೋಗಬಹುದು ಅನ್ನೋದಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಕಾವೊ) ಅನೆಕ್ಸ್ 10 ನೋಡಿ. 25 ಕಿಲೋಹರ್ಟ್ಸ್ ಚಾನೆಲ್‌ಗೆ ಗ್ರೌಂಡ್ ಸ್ಟೇಷನ್ ಶೇಕಡಾ 0.002ರ ಒಳಗಿರಬೇಕು, 120 ಮೆಗಾಹರ್ಟ್ಸ್‌ನಲ್ಲಿ 2.4 ಕಿಲೋಹರ್ಟ್ಸ್. ಒಳ್ಳೆಯ ಟಿಸಿಎಕ್ಸ್‌ಒ (ತಾಪ ಬದಲಾದರೂ ಅಷ್ಟಾಗಿ ಅಲುಗದ ಆಸಿಲೇಟರ್) ಹಾಕಿದರೆ ಇದು ಕಷ್ಟವೇ ಅಲ್ಲ.

ಆಮೇಲೆ ಪಿಟಿಟಿಗೆ, ಅಂದರೆ ಒತ್ತಿ ಮಾತಾಡುವ ಬಟನ್‌ಗೆ, ಟೈಮರ್ ಇಡಿ. ಇದನ್ನು ಯಾರೂ ಗಂಭೀರವಾಗಿ ತಗೊಳ್ಳಲ್ಲ. ಒಂದು ಸಣ್ಣ ಏರ್‌ಸ್ಟ್ರಿಪ್‌ನಲ್ಲಿ ಟೇಬಲ್ ಮೈಕ್ ಮೇಲೆ ದಪ್ಪ ರಿಜಿಸ್ಟರ್ ಒರಗಿ ಪಿಟಿಟಿ ಒತ್ತಿಕೊಂಡೇ ಇತ್ತು. ಫ್ಯಾನ್ ಸದ್ದು, ಟೀ ಲೋಟದ ಸದ್ದು, ಯಾರದೋ ಮದುವೆ ಮಾತುಕತೆ, ಎಲ್ಲ ಗಾಳಿಯಲ್ಲಿ. ಮೇಲಿದ್ದ ಟ್ರೇನಿ ಪೈಲಟ್ ಕರೆಯುತ್ತಲೇ ಇದ್ದ. ಕೆಳಗಿದ್ದವರಿಗೆ ಕೇಳಿಸಲೇ ಇಲ್ಲ, ಯಾಕಂದ್ರೆ ಸೆಟ್ ಟ್ರಾನ್ಸ್‌ಮಿಟ್‌ನಲ್ಲಿದ್ದಾಗ ರಿಸೀವರ್ ಬಾಯಿ ಮುಚ್ಚಿಕೊಂಡಿರುತ್ತದೆ. ಸೆಟ್‌ನಲ್ಲಿ ಒಂದೆರಡು ನಿಮಿಷಕ್ಕೆ ತಾನಾಗಿ ಕಟ್ ಆಗುವ ಟೈಮರ್ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ನಾಲ್ಕು ಸಾಲಿನ ಕೆಲಸ.

ಇನ್ನೊಂದು ಎಚ್ಚರ, ಒಂದೇ ಕಂಬಕ್ಕೆ ಎರಡು ಸೆಟ್ ಹಾಕುವವರಿಗೆ. ಉದಾಹರಣೆಗೆ ಒಂದು 122.7, ಇನ್ನೊಂದು 123.9 ಮೆಗಾಹರ್ಟ್ಸ್ ಅಂದುಕೊಳ್ಳಿ. ಒಂದರ ಪವರ್ ಇನ್ನೊಂದರ ಆಂಪ್ಲಿಫೈಯರ್‌ಗೆ ಹಿಂದಿನಿಂದ ನುಗ್ಗಿದರೆ ಮೊದಲನೆಯದರ ಎರಡರಷ್ಟರಲ್ಲಿ ಎರಡನೆಯದನ್ನು ಕಳೆದ ಜಾಗದಲ್ಲಿ ಹೊಸ ಸಿಗ್ನಲ್ ಹುಟ್ಟುತ್ತದೆ. 245.4ರಲ್ಲಿ 123.9 ಕಳೆಯಿರಿ. ಸರಿಯಾಗಿ 121.5! ಎರಡು ಸೆಟ್ಟೂ ಒಂಟಿಯಾಗಿ ಟೆಸ್ಟ್ ಮಾಡಿದರೆ ಪಾಸ್, ಜೊತೆಯಾಗಿ ನಿಂತರೆ ತುರ್ತು ಚಾನೆಲ್ ಮೇಲೆ ಕೂತಿರುತ್ತವೆ. ಆಂಟೆನಾ ದೂರ ಇಡಿ, ಕ್ಯಾವಿಟಿ ಫಿಲ್ಟರ್ ಹಾಕಿ, ಬೇಕಾದರೆ ಪವರ್ ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಹಾಕಿ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಟ್ರಾನ್ಸ್‌ಮಿಟರ್ ಒಂದು ಕಡೆ, ರಿಸೀವರ್ ದೂರದಲ್ಲಿ ಇನ್ನೊಂದು ಕಡೆ ಇಡುವುದು ಇಂಥ ಕಾರಣಕ್ಕೇ.

ಈಗ ನಿಮ್ಮ ಎಫ್‌ಎಂ ಹಾಡು. ಇದು ನನಗೆ ಇಷ್ಟವಾದ ಪ್ರಶ್ನೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ರಿಸೀವರ್‌ನದ್ದೇ ಇರುತ್ತದೆ, ಆದರೆ ಯಾವ ತಪ್ಪು ಅನ್ನೋದನ್ನು ಕಂಡುಹಿಡಿಯಬೇಕು.

ಮೊದಲು ಯಾವ ಚಾನೆಲ್‌ನಲ್ಲಿ ಯಾವ ಸ್ಟೇಷನ್ ಕೇಳಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಐಎಫ್ (ರಿಸೀವರ್ ಒಳಗಿನ ಮಧ್ಯಂತರ ಫ್ರೀಕ್ವೆನ್ಸಿ) 10.7 ಮೆಗಾಹರ್ಟ್ಸ್ ಆಗಿದ್ದು ಲೋಕಲ್ ಆಸಿಲೇಟರ್ ಕೆಳಗಡೆ ಇದ್ದರೆ, ನೀವು ಕೇಳುವ ಚಾನೆಲ್‌ಗಿಂತ 21.4 ಮೆಗಾಹರ್ಟ್ಸ್ ಕೆಳಗೆ ಇಮೇಜ್, ಅಂದರೆ ರಿಸೀವರ್ ತಪ್ಪಾಗಿ ಹಿಡಿಯುವ ಜೋಡಿ ಫ್ರೀಕ್ವೆನ್ಸಿ, ಬೀಳುತ್ತದೆ. 122.7ರಲ್ಲಿ 21.4 ಕಳೆಯಿರಿ. 101.3. ಬೆಂಗಳೂರಿನಲ್ಲಿ ಅದು ಆಕಾಶವಾಣಿಯ ಕನ್ನಡ ಕಾಮನಬಿಲ್ಲು! 124.3ಕ್ಕೆ ಹೋದರೆ 102.9, ವಿವಿಧ ಭಾರತಿ. ಈ ಎರಡು ಜಾಗದಲ್ಲೇ ಈ ಎರಡು ಸ್ಟೇಷನ್ ಕೇಳಿಸುತ್ತಿದ್ದರೆ ಬೇರೇನೂ ಹುಡುಕಬೇಡಿ, ರಿಸೀವರ್ ಬಾಗಿಲಲ್ಲಿರುವ ಫ್ರಂಟ್ ಎಂಡ್ ಫಿಲ್ಟರ್ ಸಾಲದು. ಆಸಿಲೇಟರನ್ನು ಮೇಲ್ಗಡೆಗೆ ತಂದರೆ ಎಫ್‌ಎಂ ಬ್ಯಾಂಡ್ ಇಮೇಜ್ ಜಾಗದಿಂದಲೇ ಹೊರಗೆ ಹೋಗುತ್ತದೆ.

ಎರಡು ಹಾಡು ಕಲಸಿಕೊಂಡು ಕರಕರ ಅಂತ ಕೇಳಿಸಿದರೆ ಅದು ಇಂಟರ್‌ಮಾಡ್ಯುಲೇಶನ್, ಎರಡು ಸಿಗ್ನಲ್ ಬೆರೆತು ಮೂರನೆಯದು ಹುಟ್ಟುವುದು. ಮೇಲೆ ಹೇಳಿದ್ದೇ ಲೆಕ್ಕ, ಈ ಸಲ ಎರಡು ಎಫ್‌ಎಂ ಸ್ಟೇಷನ್‌ಗಳ ನಡುವೆ. 102.9 ಮತ್ತು 91.1 ಸೇರಿದರೆ 114.7ಕ್ಕೆ ಬೀಳುತ್ತದೆ, ಅದು ವಿಮಾನಕ್ಕೆ ದಿಕ್ಕು ತೋರಿಸುವ ವಿಒಆರ್ ಬ್ಯಾಂಡ್. ಎಫ್‌ಎಂ ಬ್ಯಾಂಡಿನ ಎರಡು ತುದಿಯ ಸ್ಟೇಷನ್‌ಗಳಾದರೆ 128 ಮೆಗಾಹರ್ಟ್ಸ್‌ವರೆಗೂ ಬರಬಹುದು, ನಿಮ್ಮ ಮಾತಿನ ಚಾನೆಲ್‌ಗಳ ಮಧ್ಯೆಯೇ. ಎಲ್ಲಾ ಚಾನೆಲ್‌ನಲ್ಲೂ ಒಂದೇ ಹಾಡು ಕೇಳಿಸಿದರೆ ಜೋರು ಸಿಗ್ನಲ್‌ಗೆ ರಿಸೀವರ್ ಉಸಿರುಗಟ್ಟಿದೆ ಅಂತ ಅರ್ಥ, ಅಥವಾ ಆಡಿಯೊ ಹಂತಕ್ಕೇ ನೇರ ನುಗ್ಗುತ್ತಿದೆ.

ಆ ಇಂಟರ್‌ಮಾಡ್ ಸಿಗ್ನಲ್ ನಿಜವಾಗಿ ಗಾಳಿಯಲ್ಲೇ ಇದೆಯಾ, ಇಲ್ಲಾ ನಿಮ್ಮ ರಿಸೀವರ್ ಒಳಗೆ ಹುಟ್ಟುತ್ತಿದೆಯಾ? ಇದಕ್ಕೊಂದು ಪುಟ್ಟ ಉಪಾಯ ಇದೆ, ಖರ್ಚು ಅಷ್ಟಕ್ಕಷ್ಟೇ. ಆಂಟೆನಾ ಮತ್ತು ರಿಸೀವರ್ ನಡುವೆ 10 ಡೆಸಿಬಲ್ ಅಟೆನ್ಯುಯೇಟರ್ ಹಾಕಿ. ಬೇಡದ ಸಿಗ್ನಲ್ 10 ಡೆಸಿಬಲ್ ಮಾತ್ರ ಇಳಿದರೆ ಅದು ಹೊರಗಿನದು. 30 ಡೆಸಿಬಲ್ ಇಳಿದು ಪತ್ತೆಯೇ ಇಲ್ಲದ ಹಾಗಾದರೆ ನಿಮ್ಮೊಳಗೇ ಹುಟ್ಟಿದ್ದು. ಒಳಗಿನದಾದರೆ 88ರಿಂದ 108ರವರೆಗೆ ತಡೆಯುವ ಬ್ಯಾಂಡ್ ಸ್ಟಾಪ್ ಫಿಲ್ಟರ್ ಹಾಕಿ. 108ಕ್ಕೂ 118ಕ್ಕೂ 10 ಮೆಗಾಹರ್ಟ್ಸ್ ಜಾಗ ಇದೆ, ಫಿಲ್ಟರ್ ಮಾಡುವುದು ಹಗ್ಗದ ಮೇಲಿನ ನಡಿಗೆ ಏನಲ್ಲ. ಹೊರಗಿನದಾದರೆ ಮೊದಲು ನಿಮ್ಮ ಟೆರೇಸನ್ನೇ ಸುತ್ತಿ. ತುಕ್ಕು ಹಿಡಿದ ಸಿಂಟೆಕ್ಸ್ ಸ್ಟ್ಯಾಂಡ್, ಸಡಿಲ ಕ್ಲಾಂಪ್, ಜಿಐ ಪೈಪಿನ ಜೋಡಣೆ, ಇವೂ ಡಯೋಡ್ ಥರ ಕೆಲಸ ಮಾಡಿ ಎರಡು ಸ್ಟೇಷನ್‌ಗಳನ್ನು ಕಲಸಿಬಿಡುತ್ತವೆ. ಮರದಿಂದ ಮರಕ್ಕೆ ಜೋತುಬಿದ್ದಿರುವ ಕೇಬಲ್ ಟಿವಿ ವೈರು, ಅದರ ಆಂಪ್ಲಿಫೈಯರ್ ಕೂಡ ಈ ಬ್ಯಾಂಡಿಗೆ ಸೋರುವುದುಂಟು. ಪಕ್ಕದ ಶೆಡ್‌ನ ಎಲ್‌ಇಡಿ ಡ್ರೈವರ್ ಆದರೆ ಹಾಡಲ್ಲ, ಬರೀ ಗರ್ ಅನ್ನೋ ಸದ್ದು. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಕೇಳಿ ನೋಡಿ, ಗೊತ್ತಾಗಿಬಿಡುತ್ತದೆ. ಈ ವಿಷಯದಲ್ಲಿ ಬೆಸ್ಕಾಂ ನಮಗೆ ಸಹಾಯವೇ ಮಾಡುತ್ತದೆ.

ಎಫ್‌ಎಂನವರು ತಮ್ಮ ಲೈಸೆನ್ಸ್ ಒಳಗೇ ಇದ್ದರೆ ಅವರ ಮೇಲೆ ದೂರು ನಿಲ್ಲುವುದಿಲ್ಲ. ವಿಮಾನಗಳ ಐಎಲ್‌ಎಸ್ (ಇಳಿಯಲು ದಾರಿ ತೋರಿಸುವುದು), ವಿಒಆರ್ ರಿಸೀವರ್‌ಗಳು ಎಫ್‌ಎಂ ಹೊಡೆತ ತಡೆದುಕೊಳ್ಳಬೇಕು ಅಂತ ಐಕಾವೊ 1998ರ ಜನವರಿ 1ರಿಂದಲೇ ನಿಯಮ ಮಾಡಿದೆ. ನಿಮ್ಮ ಸೆಟ್ ಅದಕ್ಕಿಂತ ಸೊರಗಿರಬಾರದು. ಹಾಗಂತ ಎಲ್ಲಾ ಭಾರವೂ ರಿಸೀವರ್ ಮೇಲಿಲ್ಲ. ನೆಲದಿಂದ ಎತ್ತರ ಅಳೆಯುವ ವಿಮಾನದ ರೇಡಿಯೊ ಆಲ್ಟಿಮೀಟರ್ ಇರುವುದು 4200ರಿಂದ 4400 ಮೆಗಾಹರ್ಟ್ಸ್‌ನಲ್ಲಿ. ಅದರ ಕೆಳಗೆ ಹತ್ತಿರದಲ್ಲಿರುವ ನಮ್ಮ 5ಜಿ ಬ್ಯಾಂಡ್ ಮುಗಿಯುವುದು 3670ಕ್ಕೆ. ಮಧ್ಯೆ ಅಷ್ಟು ಜಾಗ ಇದ್ದರೂ 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ರನ್‌ವೇ ಎರಡೂ ತುದಿಯಿಂದ 2.1 ಕಿಲೋಮೀಟರ್, ಮಧ್ಯರೇಖೆಯಿಂದ 910 ಮೀಟರ್ ಒಳಗೆ ಆ ಬ್ಯಾಂಡಿನ ಬೇಸ್ ಸ್ಟೇಷನ್ ಹಾಕಬೇಡಿ ಅಂತ ಕಂಪನಿಗಳಿಗೆ ಹೇಳಿತು. ಆ ಕಂಪನಿಗಳ ಹತ್ತಿರ ಲೈಸೆನ್ಸ್ ಇತ್ತು, ಸರ್ಟಿಫಿಕೇಟೂ ಇತ್ತು. ಆದರೂ ಹಿಂದೆ ಸರಿಯಬೇಕಾಯಿತು. ಐಟಿಯು ರೇಡಿಯೊ ನಿಯಮ 4.10ರಲ್ಲಿ ಜೀವರಕ್ಷಣೆಯ ಸೇವೆಗಳಿಗೆ ವಿಶೇಷ ರಕ್ಷಣೆ ಇದೆ. ನಾಳೆ ನಿಮ್ಮ ಸೆಟ್ ಎಲ್ಲಾ ಟೆಸ್ಟ್ ಪಾಸ್ ಆಗಿದ್ದರೂ ಯಾವುದೋ ಟವರ್‌ಗೆ ತೊಂದರೆ ಕೊಟ್ಟರೆ ಮೊದಲು ಆಫ್ ಮಾಡಬೇಕು, ವಾದ ಆಮೇಲೆ. ಹುಡುಕಿಕೊಂಡು ಬರುವವರು ಡಬ್ಲ್ಯೂಪಿಸಿಯ ವೈರ್‌ಲೆಸ್ ಮಾನಿಟರಿಂಗ್‌ನವರು, ದಿಕ್ಕು ಹಿಡಿಯುವ ಆಂಟೆನಾ ಕಟ್ಟಿದ ಗಾಡಿಯಲ್ಲಿ. ಆಗ ತೋರಿಸಲು ನಿಮ್ಮ ಹತ್ತಿರ ಟೆಸ್ಟ್ ಲಾಗ್ ಇರಲಿ: ಯಾವ ದಿನ, ಯಾವ ಹೊತ್ತು, ಯಾವ ಫ್ರೀಕ್ವೆನ್ಸಿ, ಡಮ್ಮಿ ಲೋಡಾ ಆಂಟೆನಾನಾ.

ಕೊನೆಗೆ ಡೆಮೊ. ಮುಂದಿನ ತಿಂಗಳು ಗಾಳಿಗೆ ಬಿಡುವ ಡೆಮೊ ಆಗುತ್ತೆ ಅಂತ ನಾನು ಭರವಸೆ ಕೊಡಲಾರೆ. ಅದಕ್ಕೆ ಪ್ರಾತ್ಯಕ್ಷಿಕೆಯ ಲೈಸೆನ್ಸ್ ಬೇರೆ ತಗೊಳ್ಳಬೇಕು. ಗಿರಾಕಿಗೆ ಈಗಲೇ ನೇರವಾಗಿ ಹೇಳಿ, ಅವರನ್ನೇ ಪೀಣ್ಯಕ್ಕೆ ಕರೆಸಿ. ಎರಡು ಸೆಟ್ ನಡುವೆ ಕೇಬಲ್ ಮತ್ತು 100 ಡೆಸಿಬಲ್‌ಗೂ ಜಾಸ್ತಿ ಅಟೆನ್ಯುಯೇಶನ್ ಹಾಕಿ ಮಾತಾಡಿಸಿ ತೋರಿಸಿ, ಪಕ್ಕದಲ್ಲೇ ಅನಲೈಸರ್ ಇಡಿ. ತಿಳಿದವರಿಗೆ ಅದೇ ಜಾಸ್ತಿ ಹಿಡಿಸುತ್ತದೆ. ಆ ಹೊತ್ತಿಗೆ ಗಿರಾಕಿ ತಮ್ಮ ಸ್ಟೇಷನ್ ಅರ್ಜಿ ಹಾಕಲಿ. ಅರ್ಜಿಯಲ್ಲಿ ಅಕ್ಷಾಂಶ-ರೇಖಾಂಶ ಸೆಕೆಂಡ್‌ವರೆಗೆ ಸರಿ ಇರಲಿ, ಮೊಬೈಲ್ ಮ್ಯಾಪ್‌ನಿಂದ ಅಂದಾಜಿಗೆ ತುಂಬಬೇಡಿ. ಜಾಗದ ಎತ್ತರ ಸಮುದ್ರಮಟ್ಟದಿಂದ, ಆಂಟೆನಾ ಎತ್ತರ ನೆಲದಿಂದ, ಎರಡನ್ನೂ ಬೇರೆಬೇರೆ ಬರೆಯಿರಿ. ನಮ್ಮೂರಿನ ನೆಲವೇ 900 ಮೀಟರ್ ಮೇಲಿದೆ, ಇವೆರಡನ್ನು ಅದಲುಬದಲು ಮಾಡಿದರೆ ನಿಮ್ಮ 12 ಮೀಟರ್ ಕಂಬ ಅವರ ಕಂಪ್ಯೂಟರ್‌ನಲ್ಲಿ ಬೆಟ್ಟಕ್ಕಿಂತ ಎತ್ತರ ಕಾಣುತ್ತದೆ, ಫೈಲ್ ವಾಪಸ್ ಬರುತ್ತದೆ.